ಗಟ್ಟ ಇಳಿಯೋರ ಬುತ್ತಿ

ದೀಪಾವಳಿ ಕಳೆದ ವಾರ ಅವಲಕ್ಕಿಗೆ ಕಾಯಿ ತುರೀತಾ ಕೂತಿದ್ದೆ, ಬೆಂಗಳೂರಿಂದ ಮಗಳ ಫೋನು ಬಂತು. ದನಿ ಸೋತಿತ್ತು. ಎಂತ ಆಯ್ತೇ ಅಂತ ಕೇಳಿದ್ರೆ, "ಅಮ್ಮಾ, ಅನ್ನ ಬಿಟ್ಟು ಇಪ್ಪತ್ತು ದಿನ ಆಯ್ತು. ಓಟಕ್ಕೆ ಹೆಸರು ಕೊಟ್ಟಿದೀನಿ, 21 ಕಿಲೋಮೀಟರ್. ಅನ್ನ ತಿಂದ್ರೆ ಮೈ ಭಾರ ಆಗುತ್ತೆ ಅಂತ ಜೊತೆಯೋರೆಲ್ಲ ಹೇಳಿದ್ರು. ಈಗ ನೋಡಿದ್ರೆ ಹತ್ತು ಕಿಲೋಮೀಟರ್ ದಾಟೋದ್ರೊಳಗೆ ಕಾಲು ಎತ್ತಿಡಕ್ಕೇ ಆಗ್ತಿಲ್ಲ" ಅಂದ್ಲು. ನಾನು ತುರಿಮಣೆ ಮೇಲಿಂದ ಎದ್ದೇ ಬಿಟ್ಟೆ. ಅಡ್ಡಗದ್ದೆ ಮನೇಲಿ ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ ಅಂತ ಮೂರು ಹೊತ್ತೂ ಅಕ್ಕೀದೇ ತಿಂದು ಬೆಳೆದ ಕೂಸು ಅನ್ನ ಬಿಟ್ಟಿದೆ ಅಂದ್ರೆ!

ಬೈಯೋಣ ಅಂತ ಬಾಯಿ ತೆಗೆದೆ. ಆದ್ರೆ ಬೈಯಕ್ಕೆ ನಂಗೆ ಮುಖ ಇರ್ಲಿಲ್ಲ. ಹೋದ ಶಿವರಾತ್ರೀಲಿ ಇದೇ ವಿಷಯದಲ್ಲಿ ನಾನೇ ಒಂದು ದೊಡ್ಡ ತಪ್ಪು ಮಾಡಿದೀನಿ. ಮನೆಯೋರಿಗೆ ಗೊತ್ತು, ನಿಮಗೆಲ್ಲ ಹೇಳಿಲ್ಲ. ಇವತ್ತು ಹೇಳ್ತೀನಿ, ಆದ್ರೆ ಕಡೆಗೆ. ಅದಕ್ಕೂ ಮೊದಲು, ದೂರ ನಡೆಯೋರು, ಓಡೋರು ಹಿಂದೆ ಎಂತ ತಿಂತಿದ್ರು, ಅದನ್ನ ತಿಳಿದೋರು ಯಾವಾಗ ಹ್ಯಾಗೆ ಕಂಡುಕೊಂಡ್ರು ಅನ್ನೋ ಕಥೆ ಹೇಳ್ಬೇಕು. ಆ ತಪ್ಪಾದ ಮೇಲಿಂದ ಸುಮಾರು ಒಂಬತ್ತು ತಿಂಗಳು ಇದನ್ನೇ ಓದಿದೀನಿ, ಹಿರಿಯರ ಹತ್ರ ಕೇಳಿದೀನಿ.

ನಮ್ಮ ಕಡೆ ದೂರದ ನಡಿಗೆ ಅಂದ್ರೆ ಮೊದಲು ಬರೋದು ಉಪ್ಪು. ಮಲೆನಾಡಲ್ಲಿ ಭತ್ತ ಇತ್ತು, ಅಡಿಕೆ ಇತ್ತು, ಕಾಳುಮೆಣಸು ಏಲಕ್ಕಿ ಇತ್ತು, ಉಪ್ಪು ಮಾತ್ರ ಒಂದು ಹರಳೂ ಹುಟ್ಟೋದಿಲ್ಲ. ಉಪ್ಪು ಬೇಕು ಅಂದ್ರೆ ಗಟ್ಟ ಇಳೀಬೇಕು. ಶೃಂಗೇರಿ ಸೀಮೆಯೋರಿಗೆ ಇದ್ದ ದಾರಿಗಳಲ್ಲಿ ಒಂದು ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು ಹೆಬ್ರಿ ಕಡೆಗೆ, ಇನ್ನೊಂದು ಕೆರೆಕಟ್ಟೆ ಮೇಲೆ ಮಾಳಕ್ಕೆ ಇಳಿದು ಕಾರ್ಕಳದ ಕಡೆಗೆ. ಈಗ ಬಸ್ಸಲ್ಲಿ ಕೂತು ಎಸ್.ಕೆ. ಬಾರ್ಡರ್ ದಾಟುವಾಗ ನಾವು ಕಣ್ಣು ಮುಚ್ಚಿ ನಿದ್ದೆ ಹೊಡೀತೀವಿ. ಆ ಕಾಲಕ್ಕೆ ಅಡಿಕೆ, ಮೆಣಸು, ಅಕ್ಕಿ ಹೇರೆತ್ತಿನ ಮೇಲೂ ಆಳಿನ ತಲೆ ಮೇಲೂ ಕೆಳಗಿಳೀತಿತ್ತು. ಅದೇ ದಾರೀಲಿ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ ಹತ್ತಿ ಬರ್ತಿತ್ತು. ಮಳೆಗಾಲ ಹಿಡಿದ್ರೆ ದಾರಿ ಮುಚ್ಚಿದ ಹಾಗೇ. ಹಾಗಾಗಿ ಬೇಸಿಗೆ ಕಳೆಯೋದ್ರೊಳಗೆ ವರ್ಷದ ಉಪ್ಪು ಮನೆ ಸೇರ್ಬೇಕಿತ್ತು.

ನನ್ನಜ್ಜಿ ಈ ಬುತ್ತಿ ಕಟ್ಟಿದೋಳು. ಗಂಡಸರು ಹೊರಡೋ ಹಿಂದಿನ ದಿನ ಅಡಿಗೆಮನೇಲಿ ಏನೇನು ಆಗ್ತಿತ್ತು ಅಂತ ಅವಳು ಹೇಳಿದ್ದು ನಂಗೆ ಬಾಯಿಪಾಠ. ಮೊದಲ ದಿನದ ಮಧ್ಯಾಹ್ನಕ್ಕೆ ಬಾಡಿಸಿದ ಬಾಳೆಲೇಲಿ ಕಲಸಿದ ಮೊಸರನ್ನ. ಹಾಲು ಹೆಚ್ಚು, ಮೊಸರು ಕಮ್ಮಿ, ಯಾಕಂದ್ರೆ ದಾರೀಲಿ ಹುಳಿ ಬರ್ಬಾರ್ದು. ಎರಡನೇ ಗಂಟು ಗಟ್ಟಿ ಅವಲಕ್ಕಿ, ಬೆಲ್ಲದ ಅಚ್ಚು, ಒಂದು ಗಿಟಕು ಕೊಬ್ಬರಿ. ಮೂರನೇದು ಕೆಂಪಗೆ ಹುರಿದು ಬೀಸಿದ ಅಕ್ಕಿಹಿಟ್ಟು. ನೀರು ಸಿಕ್ಕಿದ ಕಡೆ ಜೋನಿಬೆಲ್ಲ ಹಾಕಿ ಕಲಸಿ ನುಂಗೋದು. ಇವೆಲ್ಲದರ ನಡುವೆ ಬಾಳೆಲೆ ಚೂರಲ್ಲಿ ನಾಲ್ಕೈದು ಅಪ್ಪೆಮಿಡಿ. ಸುಣ್ಣದ ಡಬ್ಬಿ ಪಕ್ಕದಲ್ಲಿ ಒಂದು ಮುಷ್ಟಿ ಕಲ್ಲುಪ್ಪು, ಅದು ಇಂಬಳಕ್ಕೂ ಆಯ್ತು, ಬಾಯಿಗೂ ಆಯ್ತು. ಅಜ್ಜಿ ಹೇಳಿ ಕಳಿಸ್ತಿದ್ದ ಮಾತು ಒಂದೇ: "ಹಸಿಯೋಕೆ ಮುಂಚೆ ತಿನ್ನಿ. ಬಾಯಾರಿದ ಮೇಲೆ ಕುಡೀರಿ. ಬರೀ ನೀರು ಕುಡೀಬೇಡಿ, ಒಂದು ಮಿಡಿ ನೆಕ್ಕಿ." ನಾವು ಮಕ್ಕಳು ಇದನ್ನ ಹೇಳ್ಕೊಂಡು ನಗ್ತಿದ್ವಿ.

ಇಲ್ಲಿ ಒಂದು ಮಾತು ಮುಚ್ಚಿಡಬಾರ್ದು. ನಮ್ಮನೆ ಅಜ್ಜಯ್ಯ ಗಟ್ಟ ಇಳಿದು ಹತ್ತಿದ್ರು ಅಂತ ನಾವು ಹೆಮ್ಮೆ ಪಡೋದು ಸರಿ. ಆದ್ರೆ ಅಜ್ಜಯ್ಯ ನಡೆದಿದ್ದು ಕೈಬೀಸಿಕೊಂಡು. ಹೊರೆ ಹೊತ್ತು ನಡೆದೋರು ಬೇರೆ, ಅವರ ಬುತ್ತೀನೂ ಬೇರೆ. ಕುವೆಂಪು ಹುಟ್ಟಿದ್ದು ನಮ್ಮ ಪಕ್ಕದ ಕೊಪ್ಪ ತಾಲೂಕಿನ ಹಿರೇಕೊಡಿಗೇಲಿ. ಅವರ 'ಮಲೆಗಳಲ್ಲಿ ಮದುಮಗಳು' ಓದಿದೋರಿಗೆ ನಾಯಿಗುತ್ತಿ ನೆನಪಿರ್ಬೇಕು. ಕಾಡುದಾರಿ ಸವೆಸಿದೋರು ಯಾರು ಅಂತ ಆ ಪುಸ್ತಕದಲ್ಲಿ ಕಣ್ಣಿಗೆ ಕಟ್ಟೋ ಹಾಗಿದೆ. ಅಂಥೋರಿಗೆ ಅವಲಕ್ಕಿ ಬೆಲ್ಲದ ಗಂಟು ಇರ್ಲಿಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪು, ಸಿಕ್ಕಿದ್ರೆ ಸುಟ್ಟ ಒಣಮೀನು, ಅಷ್ಟೇ.

ತಮಾಷೆ ಎಂತದು ಅಂದ್ರೆ, ದೂರ ನಡೆಯೋ ಕೆಲಸಕ್ಕೆ ಆ ಬಡವರ ಗಂಜಿ ನಮ್ಮ ಬಿಳೀ ಅನ್ನಕ್ಕಿಂತ ಒಂದು ಕೈ ಮೇಲೇ ಇತ್ತು. ಕುಚ್ಚಲಕ್ಕಿ ಮಾಡುವಾಗ ಭತ್ತವನ್ನ ಹೊಟ್ಟಿನ ಸಮೇತ ಬೇಯಿಸ್ತಾರಲ್ಲ, ಆಗ ತೌಡಿನಲ್ಲಿರೋ ಬಿ1 ಜೀವಸತ್ವ ಒಂಚೂರು ಅಕ್ಕಿ ಒಳಗೇ ಇಳಿಯುತ್ತೆ. ಆಮೇಲೆ ಕುಟ್ಟಿದ್ರೂ ಪೂರಾ ಹೋಗಲ್ಲ. ನಾವು ಮಿಲ್ಲಲ್ಲಿ ಪಾಲೀಶ್ ಮಾಡಿಸಿದ ಬೆಳ್ತಿಗೆ ಅಕ್ಕೀಲಿ ಅದು ತೌಡಿನ ಜೊತೆ ಎಮ್ಮೆ ಬಾಯಿಗೆ ಹೋಗುತ್ತೆ. ತಿಂದ ಪಿಷ್ಟ ಶಕ್ತಿ ಆಗಕ್ಕೆ ಬಿ1 ಬೇಕೇ ಬೇಕು. ಗಂಜೀಲಿ ತಿಳಿಯೂ ಕುಡೀತಾರೆ, ಉಪ್ಪೂ ಸೇರುತ್ತೆ. ಅನ್ನ, ನೀರು, ಉಪ್ಪು ಮೂರೂ ಒಂದೇ ಮರಿಗೇಲಿ.

ಇನ್ನು ಓಟ. ಓಡೋದೇ ಕಸುಬಾಗಿದ್ದೋರು ನಮ್ಮ ಮೈಸೂರು ಸೀಮೇಲಿ ಇದ್ರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 17ನೇ ಶತಮಾನದ ಕೊನೇ ಭಾಗದಲ್ಲಿ ಶುರುವಾದ ಅಂಚೆ, 1889ರಲ್ಲಿ ಬ್ರಿಟಿಷರ ಅಂಚೆ ಜೊತೆ ಸೇರೋ ತನಕ ನಡೀತು. ಚೀಲ ಹೆಗಲಿಗೆ ಹಾಕಿ, ಗೆಜ್ಜೆ ಕಟ್ಟಿದ ಕೋಲು ಹಿಡಿದು, ಕಾಡುಪ್ರಾಣಿ ದೂರ ಹೋಗ್ಲಿ ಅಂತ ಸದ್ದು ಮಾಡ್ತಾ ಓಡೋದು. ಆದ್ರೆ ಅಂಚೆಯೋನು ಊರಿಂದ ಊರಿಗೆ ಒಬ್ಬನೇ ಓಡ್ತಿರ್ಲಿಲ್ಲ. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆ ತನಕ ಓಡಿ, ಚೀಲ ಮುಂದಿನೋನ ಕೈಗೆ ಕೊಟ್ಟು, ಇವನು ಕೂತು ಉಣ್ಣೋದು. ಆ ಏರ್ಪಾಡಲ್ಲಿ ದೊಡ್ಡ ಬುದ್ಧಿವಂತಿಕೆ ಇದೆ. ಮನುಷ್ಯನ ಮೈಯ್ಯೊಳಗಿನ ದಾಸ್ತಾನು ಇಷ್ಟು ಹೊತ್ತು ಬರುತ್ತೆ, ಆಮೇಲೆ ಬರಲ್ಲ ಅಂತ ಯಾವ ಪುಸ್ತಕ ಓದ್ದೇನೂ ಆ ಕಾಲದೋರಿಗೆ ಅನುಭವದಿಂದ ಗೊತ್ತಿತ್ತು.

ಒಂದೇ ಕಾಲಲ್ಲಿ ಅಷ್ಟೂ ದೂರ ಓಡಿದ ನಮ್ಮೋನು ಅಂದ್ರೆ ಬೆಳಗಾವಿಯ ಫಡೆಪ್ಪ ಚೌಗಲೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಲ್ಲಿ ಒಲಿಂಪಿಕ್ಸ್ ಆಯ್ತು. ಸರ್ ದೊರಾಬ್ಜಿ ಟಾಟಾ ಮುಂದೆ ನಿಂತು, ದುಡ್ಡು ಹೊಂದಿಸಿ ನಮ್ಮ ದೇಶದ ಒಂದು ಸಣ್ಣ ತಂಡ ಕಳಿಸಿದ್ರು. ಅದರಲ್ಲಿ ಮ್ಯಾರಥಾನ್ ಓಡಕ್ಕೆ ಹೋದೋರಲ್ಲಿ ಚೌಗಲೆ ಒಬ್ರು. ಆ ಸಲದ ದೂರ ಎಂದಿಗಿಂತ ಜಾಸ್ತಿ, 42.75 ಕಿಲೋಮೀಟರ್. ಚೌಗಲೆ 2 ಗಂಟೆ 50 ನಿಮಿಷ ಚಿಲ್ಲರೇಲಿ ಮುಗಿಸಿ 19ನೇಯೋರಾಗಿ ಬಂದ್ರು. ಗೆದ್ದಿದ್ದು ಫಿನ್ಲೆಂಡಿನ ಹಾನ್ನೆಸ್ ಕೋಲೆಮೈನೆನ್, 2 ಗಂಟೆ 32 ನಿಮಿಷ. ಲೆಕ್ಕ ಹಾಕಿ ನೋಡಿ, ಜಗತ್ತಿಗೇ ಮೊದಲು ಬಂದೋನಿಗೂ ನಮ್ಮ ಬೆಳಗಾವಿಯೋರಿಗೂ ಹದಿನೆಂಟೇ ನಿಮಿಷ ವ್ಯತ್ಯಾಸ. ಹೋಗಿದ್ದು ಹಡಗಲ್ಲಿ, ಊಟ ಬೇರೆ, ಹವಾ ಬೇರೆ, ಊರಲ್ಲಿ ಜೋಳದ ರೊಟ್ಟಿ ತಿನ್ನೋ ಸೀಮೆಯಿಂದ ಹೋದ ಹುಡುಗ.

ಇದನ್ನ ಎಂತಕ್ಕೆ ಹೇಳ್ದೆ ಅಂದ್ರೆ, ಆ ಕಾಲಕ್ಕೆ ದೊರೆಗಳ ಡಾಕ್ಟ್ರುಗಳಲ್ಲಿ ಒಂದು ಮಾತು ಬೇರೂರಿತ್ತು: ಅನ್ನ ತಿನ್ನೋರು ಮೆದು, ಗೋಧಿ ಮಾಂಸ ತಿನ್ನೋರು ಗಟ್ಟಿ ಅಂತ. ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್ಯಾರಿಸನ್ ಅನ್ನೋರು 1920ರ ದಶಕದಲ್ಲಿ ಇಲಿಗಳಿಗೆ ನಮ್ಮ ದೇಶದ ಬೇರೆಬೇರೆ ಕಡೆಯ ಊಟ ಹಾಕಿ ನೋಡಿದ್ರು. ಪಂಜಾಬಿನ ಸಿಖ್ಖರ ಊಟ, ಅಂದ್ರೆ ಚಪಾತಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಇಲಿ ಚೆನ್ನಾಗಿ ಬೆಳೀತು. ಮದ್ರಾಸಿನ ಊಟ ತಿಂದಿದ್ದು ಸೊರಗ್ತು. ನಿಜವೇ ಇರ್ಬಹುದು. ಆದ್ರೆ ಅಲ್ಲಿ ತಪ್ಪು ಅನ್ನದ್ದಲ್ಲ. ಪಾಲೀಶ್ ಮಾಡಿದ ಅಕ್ಕಿ ಜೊತೆಗೆ ಹಾಲು, ಬೇಳೆ, ಸೊಪ್ಪು ಸಾಕಷ್ಟು ಇಲ್ದೇ ಇದ್ದದ್ದು ತಪ್ಪು. ಅನ್ನದ ಮೇಲೆ ಬಿದ್ದ ಆ ಹಳೇ ಅಪವಾದವೇ ಈಗ ಬೇರೆ ವೇಷ ಹಾಕ್ಕೊಂಡು ನನ್ನ ಮಗಳ ಮೊಬೈಲಿಗೆ ಬಂದಿದೆ ಅಂತ ನಂಗೆ ಅನ್ಸುತ್ತೆ.

ಪರದೇಶದೋರಿಗೂ ಇದೆಲ್ಲ ಮೊದಲೇ ಗೊತ್ತಿತ್ತು ಅಂತ ತಿಳೀಬೇಡಿ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸಿಗೆ ದಾರೀಲಿ ಕೊಟ್ಟಿದ್ದೇನು ಗೊತ್ತಾ? ಮೊಟ್ಟೆಯ ಬಿಳಿ, ಬ್ರಾಂದಿ, ಜೊತೆಗೆ ಸ್ಟ್ರಿಕ್ನಿನ್, ಅಂದ್ರೆ ನಮ್ಮ ಕಾಸರ್ಕನ ಬೀಜದಲ್ಲಿರೋ ವಿಷ! ಆ ಪುಣ್ಯಾತ್ಮ ಗೆದ್ದ, ಆದ್ರೆ ಆಚೀಚೆ ಇಬ್ರು ಹಿಡ್ಕೊಂಡು ತರ್ಬೇಕಾಯ್ತು.

ಬೆಳಕು ಬಿದ್ದಿದ್ದು 1924ರಲ್ಲಿ, ಬಾಸ್ಟನ್ ಊರಿನ ಮ್ಯಾರಥಾನಲ್ಲಿ. ಅದಕ್ಕೆ ಮೂರು ವರ್ಷ ಹಿಂದಷ್ಟೇ ಇನ್ಸುಲಿನ್ ಕಂಡುಹಿಡಿದಿದ್ರು, ರಕ್ತದಲ್ಲಿ ಸಕ್ಕರೆ ಇಳಿದ್ರೆ ಮನುಷ್ಯ ಹ್ಯಾಗಾಗ್ತಾನೆ ಅಂತ ಡಾಕ್ಟ್ರುಗಳು ನೋಡಿದ್ರು. ಓಟ ಮುಗಿಸಿ ಬಂದೋರ ರಕ್ತ ತೆಗೆದು ನೋಡಿದ್ರೆ, ಮುಖ ಬಿಳಿಚಿ ತತ್ತರಿಸ್ತಾ ಬಂದೋರ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಮರುವರ್ಷ, 1925ರಲ್ಲಿ, ಅದೇ ಓಟಗಾರರಲ್ಲಿ ಕೆಲವರಿಗೆ ಹಿಂದಿನ ದಿನ ಚೆನ್ನಾಗಿ ಪಿಷ್ಟದ ಊಟ ಹಾಕಿ, ದಾರೀಲಿ ಸಕ್ಕರೆ ಮಿಠಾಯಿ ತಿನ್ನಕ್ಕೆ ಹೇಳಿದ್ರು. ಆ ಸಲ ಸಕ್ಕರೆ ಇಳೀಲಿಲ್ಲ, ಓಟಗಾರರೂ ಗೆಲುವಾಗಿ ಬಂದ್ರು. ನಮ್ಮ ಅವಲಕ್ಕಿ ಬೆಲ್ಲದ ಗಂಟು ಮಾಡ್ತಿದ್ದಿದ್ದೂ ಇದೇ ಕೆಲಸ.

1939ರಲ್ಲಿ ಕೋಪನ್‌ಹೇಗನ್ನಿನ ಕ್ರಿಸ್ಟೆನ್ಸೆನ್, ಹ್ಯಾನ್ಸೆನ್ ಅನ್ನೋ ಇಬ್ರು ಇನ್ನೂ ಗಟ್ಟಿ ಪ್ರಯೋಗ ಮಾಡಿದ್ರು. ಕೆಲವು ದಿನ ಬರೀ ಕೊಬ್ಬಿನ ಊಟ, ಕೆಲವು ದಿನ ಪಿಷ್ಟದ ಊಟ ಹಾಕಿ, ನಿಂತಲ್ಲೇ ಸೈಕಲ್ ತುಳಿಸಿದ್ರು. ಪಿಷ್ಟ ತಿಂದಾಗ ಅದೇ ಮನುಷ್ಯರು ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ತುಳಿದ್ರು. ಎಂತಕ್ಕೆ ಅಂತ ಗೊತ್ತಾಗಕ್ಕೆ ಮಾತ್ರ 1966ರ ತನಕ ಕಾಯ್ಬೇಕಾಯ್ತು. ಸ್ವೀಡನ್ನಿನ ಬರ್ಗ್‌ಸ್ಟ್ರೋಮ್, ಹಲ್ಟ್‌ಮನ್ ಅನ್ನೋ ಡಾಕ್ಟ್ರುಗಳು ಒಂದೇ ಸೈಕಲ್ಲಿನ ಆಚೆ ಒಬ್ರು, ಈಚೆ ಒಬ್ರು ಕೂತು, ಒಂದೊಂದೇ ಕಾಲಲ್ಲಿ ತುಳಿದ್ರು. ಆಮೇಲೆ ಸೂಜಿ ಹಾಕಿ ತಮ್ಮದೇ ತೊಡೆಯ ಒಂದು ಚೂರು ಮಾಂಸಖಂಡ ತೆಗೆದು ನೋಡಿದ್ರು. ತುಳಿದ ಕಾಲಲ್ಲಿ ಗ್ಲೈಕೋಜನ್ ಖಾಲಿ, ಸುಮ್ಮನಿದ್ದ ಕಾಲಲ್ಲಿ ಹಾಗೇ ಇತ್ತು. ಮೂರು ದಿನ ಪಿಷ್ಟದ ಊಟ ಮಾಡಿ ಮತ್ತೆ ನೋಡಿದ್ರೆ, ತುಳಿದ ಕಾಲಲ್ಲಿ ಸುಮ್ಮನಿದ್ದ ಕಾಲಿನ ಎರಡು ಪಟ್ಟು ತುಂಬಿತ್ತು!

ಗ್ಲೈಕೋಜನ್ ಅಂದ್ರೆ ಹೆದರ್ಬೇಡಿ. ನಾನು ಮಗಳಿಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ. ಅಡಿಗೆಮನೆ ಡಬ್ಬೀಲಿ ಅಕ್ಕಿ ಇದೆ. ಕಣಜದಲ್ಲಿ ಭತ್ತ ಇದೆ. ದಿಢೀರ್ ನೆಂಟರು ಬಂದ್ರೆ ಡಬ್ಬಿ ಅಕ್ಕಿ ತೊಳೆದು ಒಲೆ ಮೇಲಿಡ್ತೀವಿ, ಅರ್ಧ ಗಂಟೇಲಿ ಊಟ. ಡಬ್ಬಿ ಖಾಲಿ ಆಯ್ತು ಅನ್ನಿ, ಕಣಜದಲ್ಲಿ ಹತ್ತು ಪಲ್ಲ ಭತ್ತ ಇದ್ರೂ ಮೊದಲು ಅದನ್ನ ಕುಟ್ಬೇಕು, ಕೇರ್ಬೇಕು, ಆಮೇಲೆ ಬೇಯಿಸ್ಬೇಕು. ನಮ್ಮ ಮೈಯ್ಯಲ್ಲಿ ಗ್ಲೈಕೋಜನ್ ಅನ್ನೋದು ಡಬ್ಬಿ ಅಕ್ಕಿ. ಈಲಿಯಲ್ಲೂ ಮಾಂಸಖಂಡದಲ್ಲೂ ಸೇರಿ ಹೆಚ್ಚಂದ್ರೆ ಅರ್ಧ ಕೇಜಿ. ಕೊಬ್ಬು ಅನ್ನೋದು ಕಣಜದ ಭತ್ತ. ಎಷ್ಟು ಸಣ್ಣಗಿರೋರಲ್ಲೂ ಕೇಜಿಗಟ್ಟಲೆ ಇದೆ, ಆದ್ರೆ ಬೇಗ ಕೈಗೆ ಬರಲ್ಲ. ಜೋರಾಗಿ ಓಡೋನ ಡಬ್ಬಿ ಒಂದೂವರೆ, ಎರಡು ಗಂಟೇಲಿ ತಳ ಕಾಣುತ್ತೆ. ಮ್ಯಾರಥಾನ್ ಓಡೋರು 30 ಕಿಲೋಮೀಟರ್ ಹತ್ರ ಗೋಡೆಗೆ ಡಿಕ್ಕಿ ಹೊಡೆದ ಹಾಗಾಯ್ತು ಅಂತಾರಲ್ಲ, ಅದೇ ಇದು. ನಿಧಾನ ನಡೆಯೋರು ಭತ್ತ ಕುಟ್ಕೊಂಡು ಕುಟ್ಕೊಂಡು ಹೋಗ್ತಾರೆ, ಅವರಿಗೆ ಡಬ್ಬಿ ಬಹಳ ಹೊತ್ತು ಬರುತ್ತೆ. ಅನ್ನ ಪೂರಾ ಬಿಟ್ಟೋರು ನಡೀಬಹುದು, ಸುಳ್ಳಲ್ಲ, ಅಭ್ಯಾಸ ಆದ್ರೆ ದೂರನೂ ನಡೀತಾರೆ. ಓಟದ ವೇಗ ಬೇಕು ಅಂದ್ರೆ ಮಾತ್ರ ಡಬ್ಬೀಲಿ ಅಕ್ಕಿ ಇರ್ಬೇಕು. ನನ್ನ ಮಗಳು ಖಾಲಿ ಡಬ್ಬಿ ಇಟ್ಕೊಂಡು ಓಡ್ತಿದ್ಲು. ಇವತ್ತು ಜಗತ್ತಲ್ಲೇ ಮುಂದಿರೋ ಕೀನ್ಯಾ ದೇಶದ ಓಟಗಾರರ ಊಟದಲ್ಲಿ ಮುಕ್ಕಾಲು ಪಾಲು ಶಕ್ತಿ ಪಿಷ್ಟ ಸಕ್ಕರೆಯಿಂದಲೇ ಬರೋದು. ಅವರ ಉಗಾಲಿ ಅಂದ್ರೆ ಜೋಳದ, ಮೆಕ್ಕೆಜೋಳದ ಮುದ್ದೆ. ನಮ್ಮ ರಾಗಿ ಮುದ್ದೆಗೆ ಅಕ್ಕತಂಗಿ ಆಗ್ಬೇಕು.

ಈಗ ನನ್ನ ತಪ್ಪಿಗೆ ಬರ್ತೀನಿ.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗೋರನ್ನ ನೀವೂ ನೋಡಿರ್ತೀರಿ. ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ಸಾವಿರಗಟ್ಟಲೆ ಜನ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಉಜಿರೆ ಮೇಲೆ ಹೋಗ್ತಾರೆ. ಹೋದ ವರ್ಷ ನಾವು ಐದು ಜನ ಹೆಂಗಸರು ಕೊಟ್ಟಿಗೆಹಾರದ ತನಕ ಜೀಪಲ್ಲಿ ಹೋಗಿ, ಅಲ್ಲಿಂದ ನಡೆಯೋದು ಅಂತ ಮಾಡಿದ್ವಿ. 45ರಿಂದ 50 ಕಿಲೋಮೀಟರ್, ಎರಡು ದಿನ. ಐವರಲ್ಲಿ ಹಿರಿಯಳು ನಾನು. ಹೊರಡೋ ಬೆಳಿಗ್ಗೆ ನನ್ನ ಓರಗಿತ್ತಿ ಉಪ್ಪಿಟ್ಟು ಮಾಡಕ್ಕೆ ಹೋದ್ರೆ, "ದೇವರ ಹತ್ರ ಹೊಟ್ಟೆ ಬಿರಿಯ ತಿಂದ್ಕೊಂಡು ಹೋಗೋದಾ? ನೀರು ಕುಡ್ಕೊಂಡು ನಡಿಯೋಣ" ಅಂದೆ. ಶಿವರಾತ್ರಿ ಇನ್ನೂ ಮರುದಿನ ಇತ್ತು. ಉಪವಾಸ ಅವತ್ತು ಬೇಕಿರ್ಲಿಲ್ಲ. ನಂಗೆ ಹಿರೇತನದ ಗತ್ತು.

ದಾರೀಲಿ ಊರಿನೋರು ಎಂತೆಂತ ಕೊಟ್ರು ಗೊತ್ತಾ? ಮಜ್ಜಿಗೆ, ಪಾನಕ, ಕಲ್ಲಂಗಡಿ, ಚಿತ್ರಾನ್ನ. ಕೈ ಹಿಡಿದು ಕರೆದ್ರು. ಎಲ್ಲರ ಪರವಾಗಿ ನಾನೇ "ಬೇಡ, ವ್ರತ" ಅಂದೆ. ಓರಗಿತ್ತಿ ಹಸಿವು ತಡೆಯಕ್ಕೆ ಬಾಟ್ಲಿ ಮೇಲೆ ಬಾಟ್ಲಿ ನೀರು ಕುಡೀತಾ ಬಂದ್ಲು. ಘಾಟಿ ಇಳಿದ ಮೇಲೆ ಕೆಳಗಿನ ಸೆಖೆ, ನಮಗೆಲ್ಲಿ ಅಭ್ಯಾಸ? ಬೆವರು ಹರಿದು ಸೀರೆ ಮೇಲೆ ಉಪ್ಪು ಬಿಳೀ ಗೆರೆ ಕಟ್ತು. ಚಾರ್ಮಾಡಿ ದಾಟಿದ ಮೇಲೆ ತಲೆನೋವು ಅಂದ್ಲು. ಆಮೇಲೆ ವಾಂತಿ. ಬಿಸಿಲಿಗೆ ಆಗಿದ್ದು ಅಂತ ನಾನು ಇನ್ನೂ ಎರಡು ಲೋಟ ನೀರು ಕುಡಿಸ್ದೆ. ಸ್ವಲ್ಪ ಹೊತ್ತಲ್ಲಿ ಅವಳು ನನ್ನ ಮುಖ ನೋಡಿ, ತೀರಿಹೋದ ಅವಳಮ್ಮನ ಹೆಸರು ಹಿಡಿದು ಕರೆದ್ಲು. ಆಗ ನನ್ನ ಕೈಕಾಲು ತಣ್ಣಗಾಯ್ತು.

ಯಾರೋ ಕಾರು ನಿಲ್ಲಿಸಿ ಆಸ್ಪತ್ರೆಗೆ ಮುಟ್ಟಿಸಿದ್ರು. ರಕ್ತದಲ್ಲಿ ಉಪ್ಪಿನಂಶ ಇಳಿದುಬಿಟ್ಟಿದೆ, ಇನ್ನು ನೀರು ಕುಡಿಸ್ಬೇಡಿ ಅಂದ್ರು ಡಾಕ್ಟ್ರು. ನಾನು ಕುಡಿಸಿದ ನೀರು ಲೆಕ್ಕ ಹಾಕ್ತಾ ಹೊರಗೆ ಬೆಂಚಲ್ಲಿ ಕೂತಿದ್ದೆ. ಮೂರು ದಿನ ಬೇಕಾಯ್ತು ಅವಳು ಸರಿಯಾಗಕ್ಕೆ.

ಅದು ಹ್ಯಾಗೆ ಆಗುತ್ತೆ ಅಂದ್ರೆ, ಬೆವರಲ್ಲಿ ನೀರೂ ಹೋಗುತ್ತೆ, ಉಪ್ಪೂ ಹೋಗುತ್ತೆ. ಹೋಗಿದ್ದಕ್ಕಿಂತ ಹೆಚ್ಚು ಬರೀ ನೀರು ತುಂಬಿಸಿದ್ರೆ ರಕ್ತ ನೀರು ಬೆರೆಸಿದ ಸಾರಿನ ಹಾಗೆ ಸಪ್ಪೆಯಾಗುತ್ತೆ. ಆ ನೀರು ಮೆದುಳಿನೊಳಗೆ ಸೇರಿ ಅದು ಊದಿಕೊಳ್ಳುತ್ತೆ. ತಲೆನೋವು, ವಾಂತಿ, ಬಡಬಡಿಕೆ ಅದರ ಗುರುತು. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ನೋಡಿದಾಗ ನೂರಕ್ಕೆ 13 ಜನಕ್ಕೆ ಉಪ್ಪಿನಂಶ ಕಮ್ಮಿ ಇತ್ತು. ಯಾರಿಗೆ ಹೆಚ್ಚು ಆಗಿದ್ದು ಅಂದ್ರೆ, ನಿಧಾನ ಹೋಗೋರಿಗೆ, ತೀರಾ ಸಣ್ಣ ಮೈಯ್ಯೋರಿಗೆ, ದಾರಿಯುದ್ದಕ್ಕೂ ಕುಡಿದು ಹೊರಟಾಗಿಗಿಂತ ಮುಗಿಸಿದಾಗ ತೂಕ ಹೆಚ್ಚಾದೋರಿಗೆ. ಓದ್ತಾ ಓದ್ತಾ ನಂಗೆ ಅಜ್ಜಿ ಮಾತು ಕಿವಿಗೆ ಬಂದು ಅಳು ಬಂತು. ಬಾಯಾರಿದ ಮೇಲೆ ಕುಡೀರಿ, ಒಂದು ಮಿಡಿ ನೆಕ್ಕಿ. ಬೇಡ ಅಂತ ನಾನು ತಳ್ಳಿದ ಆ ಉಪ್ಪು ಹಾಕಿದ ಮಜ್ಜಿಗೇಲಿ ಎಲ್ಲಾ ಇತ್ತು.

ಇನ್ನೊಂದು ಮಾತು. ಓರಗಿತ್ತಿಗೆ ಆಸ್ಪತ್ರೇಲಿ ರಕ್ತ ನೋಡಿದಾಗ ಹಿಮೋಗ್ಲೋಬಿನ್ನೂ ಕಮ್ಮಿ ಅಂತ ಗೊತ್ತಾಯ್ತು. ಎಲ್ಲರಿಗೂ ಬಡಿಸಿ, ಕಡೆಗೆ ತಳದ ಅನ್ನ, ತಿಳಿ ಸಾರು ಉಣ್ಣೋಳು ಅವಳು. ನಮ್ಮಲ್ಲಿ ಅದೇನು ಹೊಸತಲ್ಲ. ಗಟ್ಟ ಇಳಿಯೋ ಗಂಡಸರಿಗೆ ಮೂರು ಗಂಟು ಕಟ್ಟಿದ ಅಜ್ಜಿ, ತಾನು ಮಾತ್ರ ತೋಟಕ್ಕೂ ಗದ್ದೆಗೂ ಕೊಟ್ಟಿಗೆಗೂ ದಿನಾ ಎಷ್ಟು ಮೈಲಿ ನಡೀತಿದ್ಲು ಅಂತ ಯಾರೂ ಅಳೀಲಿಲ್ಲ. ಅವಳಿಗೆ ಬುತ್ತಿ ಕಟ್ಟಿದೋರೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತ ಕಮ್ಮಿ. ಉಸಿರಿನ ಗಾಳಿಯನ್ನ ಕಾಲಿನ ತನಕ ಹೊತ್ತೊಯ್ಯೋದು ರಕ್ತದಲ್ಲಿರೋ ಕಬ್ಬಿಣದ ಅಂಶ. ಅದೇ ಇಲ್ದಿದ್ರೆ ಡಬ್ಬಿ ತುಂಬಾ ಅಕ್ಕಿ ಇದ್ದೂ ಒಲೆ ಉರಿಯಲ್ಲ. ಅದಕ್ಕೆ ಬೇಳೆ, ಹುರುಳಿ, ಸೊಪ್ಪು ನಮ್ಮ ತಟ್ಟೆಗೂ ಬೀಳ್ಬೇಕು. ಜೊತೆಗೆ ನಿಂಬೆಹುಳಿಯೋ ನೆಲ್ಲಿಕಾಯಿ ತಂಬುಳಿಯೋ ಇದ್ರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ. ಊಟದ ಜೊತೆಗೇ ಕಾಫಿ ಕುಡಿದ್ರೆ ಹತ್ತಲ್ಲ. ಕಾಫಿ ಬಿಡಿ ಅಂತ ಮಲೆನಾಡಿನೋರಿಗೆ ಹೇಳೋ ಧೈರ್ಯ ನಂಗಿಲ್ಲ, ಒಂದು ಗಂಟೆ ತಡೆದು ಕುಡೀರಿ ಅಂತೀನಿ. ರಕ್ತ ಪರೀಕ್ಷೆ ಒಂದು ಸಲ ಮಾಡಿಸಿ. ತೀರಾ ಕಮ್ಮಿ ಇದ್ರೆ ಊಟ ಒಂದೇ ಸಾಲಲ್ಲ, ಮಾತ್ರೆ ಬೇಕು.

ಮಗಳು ಅನ್ನ ತಿನ್ನಕ್ಕೆ ಶುರು ಮಾಡಿದ್ಲು. ಓಟದ ಹಿಂದಿನ ರಾತ್ರಿ ಅನ್ನ, ತಿಳಿ ಸಾರು. ಬೆಳಿಗ್ಗೆ ಎರಡು ಬಾಳೆಹಣ್ಣು. ಜೇಬಲ್ಲಿ ನಾನು ಕಳಿಸಿದ ಅವಲಕ್ಕಿ ಬೆಲ್ಲದ ಉಂಡೆ ನಾಲ್ಕು. ಡಿಸೆಂಬರಲ್ಲಿ ಓಡಿದ್ಲು. ಬಹುಮಾನ ಗಿಹುಮಾನ ಎಂತದೂ ಇಲ್ಲ, 2 ಗಂಟೆ 40 ನಿಮಿಷ ತಗೊಂಡ್ಲು, ಆದ್ರೆ ಕಡೇ ಕಿಲೋಮೀಟರ್ ನಗ್ತಾ ಓಡಿದ ಫೋಟೋ ಬಂತು. "ಅಮ್ಮಾ, ಉಂಡೆ ಒಂದು ಪುಡಿಯಾಗಿ ಜೇಬೆಲ್ಲ ಅಂಟು" ಅಂತ ದೂರು ಬೇರೆ. ಮುಂದಿನ ಸಲ ಪಾಕ ಒಂಚೂರು ಗಟ್ಟಿ ಮಾಡ್ಬೇಕು.

ಈ ಸಲ ಶಿವರಾತ್ರಿಗೆ ಇನ್ನು ಮೂರು ವಾರ ಇದೆ. ಮೊನ್ನೆ ಓರಗಿತ್ತಿ ಬಂದು ತುರಿಮಣೆ ಪಕ್ಕ ಕೂತು, "ಅಕ್ಕಾ, ನಾನು ಮತ್ತೆ ಹೋಗೋದೇ" ಅಂದ್ಲು. ನಾನು ಬಾಯಿ ಬಿಡೋಕೆ ಮುಂಚೆ, "ಉಪ್ಪಿಟ್ಟು ಮಾಡೋಳು ನಾನು, ನೀನು ಅಡ್ಡ ಮಾತಾಡೋ ಹಾಗಿಲ್ಲ" ಅಂತ ಶರತ್ತು ಹಾಕಿದ್ಲು. ಒಪ್ಕೊಂಡೆ. ಬುತ್ತಿ ಪಟ್ಟಿ ಇಬ್ರೂ ಸೇರಿ ಬರ್ದಿದೀವಿ: ಮೊದಲ ಮಧ್ಯಾಹ್ನಕ್ಕೆ ಮೊಸರನ್ನ, ಗಟ್ಟಿ ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಹುರಿಹಿಟ್ಟು, ಅಪ್ಪೆಮಿಡಿ. ದಾರೀಲಿ ಯಾರು ಮಜ್ಜಿಗೆ ಕೊಟ್ರೂ ಬೇಡ ಅನ್ನೋ ಹಾಗಿಲ್ಲ. ಉಪವಾಸ ಶಿವರಾತ್ರಿ ದಿನ, ದೇವಸ್ಥಾನ ಮುಟ್ಟಿದ ಮೇಲೆ, ಆಗೋರಿಗೆ ಮಾತ್ರ. ಸಕ್ಕರೆ ಕಾಯಿಲೆ, ಬಿಪಿ ಇರೋರು ಬೆಲ್ಲ ಉಪ್ಪಿನ ಲೆಕ್ಕ ಡಾಕ್ಟ್ರನ್ನೇ ಕೇಳಿ ಹೊರಡಿ, ನನ್ನ ಮಾತು ನಂಬಿ ಹೊರಡ್ಬೇಡಿ.

ಬರೋರಿದ್ರೆ ಹೇಳಿ, ಜೀಪಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ. ನಿಮ್ಮನೆ ಅಜ್ಜಿಯಂದಿರು ಗಟ್ಟ ಇಳಿಯೋರಿಗೆ ಎಂತ ಕಟ್ಟಿ ಕೊಡ್ತಿದ್ರು ಅಂತ ಕೇಳ್ಕೊಂಡು ಬನ್ನಿ. ಪಟ್ಟೀಲಿ ಇನ್ನೂ ನಾಲ್ಕು ಸಾಲು ಬಿಟ್ಟಿದೀವಿ.